ಆರನೆಯದು

ಹನ್ನೊಂದು ವರ್ಷದಿಂದ ಬಸ್ಸು ಓಡಿಸುತ್ತೇನೆ
ವುಲ್ವರ್‌ಹ್ಯಾಂಪ್ಟನ್ನಿನಲ್ಲಿ.
ಕೊನೆಯ ಸ್ಟಾಪಿನ ಕಕ್ಕಸಿಗೆ ಬೀಗ,
ಕೀಲಿಕೈ ಇರುವವನದು ಬೆಳಗಿನ ಪಾಳಿ ಮಾತ್ರ.
ಹಾಗಾಗಿ ನೀರು ಕುಡಿಯದಿರುವುದನ್ನು ಕಲಿತೆ.
ಬಾಟಲಿ ತುಂಬಿಯೇ ಹೋಗಿ
ತುಂಬಿಯೇ ಮನೆಗೆ ಬರುತ್ತಿತ್ತು.

ಸೋಮವಾರ ಶುರುವಾಯಿತು.
ಕೆಂಪು ದೀಪ ಹಸಿರಾಗುವಷ್ಟರಲ್ಲಿ
ಹೋಗಬೇಕು, ಈಗಲೇ ಹೋಗಬೇಕು;
ಹೋದರೆ ಮೂರೇ ಹನಿ,
ಮೂರಕ್ಕೂ ಮೆಣಸಿನಕಾಯಿ ಅರೆದಂತೆ.

ಉಷ್ಣ, ಅಂದುಕೊಂಡೆ.
ಹೊರಗೆ ಎರಡು ಡಿಗ್ರಿ, ಗಾಜಿನ ಮೇಲಿನ ಹಿಮ ಕೆರೆಯುತ್ತ
ಉಷ್ಣ ಅಂದುಕೊಂಡೆ!
ಕೊತ್ತಂಬರಿ ಬೀಜ ನೆನೆಸಿದೆ, ಬಾರ್ಲಿ ಕುದಿಸಿದೆ.
ಗಂಡನ ಹಲ್ಲುನೋವಿಗೆ ಬಂದ ಮಾತ್ರೆ
ಡ್ರಾಯರಿನಲ್ಲಿ ನಾಲ್ಕು ಉಳಿದಿದ್ದವು,
ತೆಗೆದು, ಬೆಳಕಿಗೆ ಹಿಡಿದು, ಮತ್ತೆ ಒಳಗಿಟ್ಟೆ.
ಹಲ್ಲಿನದು ಹಲ್ಲಿಗೆ. ಇದು ಬೇರೆ ಊರು.

ಔಷಧದ ಅಂಗಡಿಯಲ್ಲಿ ಎದುರಿಗೊಬ್ಬ ಹುಡುಗ,
ನನ್ನ ಮಗನ ವಯಸ್ಸು, ಎದೆಯ ಬಿಲ್ಲೆಯಲ್ಲಿ ಗ್ವಿಲಿಂ ಅಂತ.
ಅವನ ಹೆಸರು ಹೇಳಲು ನನಗೆ ಬಾರದು,
ನನ್ನ ಕಾಯಿಲೆ ಹೇಳಲೂ ಬಾರದು.
ಕನ್ನಡದಲ್ಲಿ ಎಷ್ಟು ಸಲೀಸು: ಉರಿಮೂತ್ರ.
ಬೆಂಕಿ, ನೀರು ಎರಡೂ ಒಂದೇ ಪದದಲ್ಲಿ.
ಆ ಪದವನ್ನೂ ನಮ್ಮ ಮನೆಯಲ್ಲಿ
ಯಾರೂ ಜೋರಾಗಿ ಅಂದವರಲ್ಲ.

ಪುಟ್ಟ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ ಕೇಳಿದ:
ಜ್ವರ? ನಡುಕ? ಪಕ್ಕೆಯ ಹಿಂದೆ ನೋವು?
ಬಸಿರೇ? ನಾನು ನಕ್ಕುಬಿಟ್ಟೆ.
ಅವನು ನಗಲಿಲ್ಲ, ಬರೆದುಕೊಂಡ.
ಕಿಡ್ನಿ ಹೇಗಿದೆ? ಯಾವುದಾದರೂ ಮದ್ದು ಮೈಗೆ ಒಗ್ಗುವುದಿಲ್ಲವೇ?
ಚಿಕ್ಕವಳಿದ್ದಾಗ ಪೆನ್ಸಿಲಿನ್ ಚುಚ್ಚಿ
ಮೈತುಂಬ ದದ್ದೆದ್ದು ತುಟಿ ಊದಿದ್ದು
ನಲವತ್ತು ವರ್ಷ ಮರೆತದ್ದು ಈಗ ಬಾಯಿಗೆ ಬಂತು.
ಡ್ರಾಯರಿನ ಮಾತ್ರೆಯ ಹೆಸರನ್ನೂ ಹೇಳಿದೆ.
ಅವನ ಪೆನ್ನು ನಿಂತಿತು.
‘ಅದೂ ಅದೇ ಮನೆತನ,’ ಅಂದ.

ಕೊಟ್ಟದ್ದು ಬೇರೆ. ಮೂರು ದಿನ, ಆರು ಕ್ಯಾಪ್ಸೂಲು,
ಬೆಳಿಗ್ಗೆ ಒಂದು, ರಾತ್ರಿ ಒಂದು, ಬರಿ ಹೊಟ್ಟೆಗಲ್ಲ.
ಉರಿ ತಣಿಸುವ ಸಿಟ್ರೇಟ್ ಪೊಟ್ಟಣ ಇದರ ಜೊತೆ ಬೇಡ.
ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ,
ಎರಡು ದಿನಕ್ಕೂ ಇಳಿಯದಿದ್ದರೆ ಬನ್ನಿ,
ಚಳಿಜ್ವರ ಬಂದರೆ ಅಷ್ಟೂ ಕಾಯಬೇಡಿ.
‘ಕೆಲಸ ಏನು?’
‘ಬಸ್ಸು.’
‘ತಲೆ ಸುತ್ತಬಹುದು. ಹೇಗಾಗುತ್ತದೆಂದು ಗೊತ್ತಾಗುವವರೆಗೆ
ಸ್ಟೀರಿಂಗ್ ಹಿಡಿಯಬೇಡಿ.’

ಡಿಪೋಗೆ ಫೋನು ಮಾಡಿದೆ.
ಪ್ರತಿ ಸಲದ ಹೊಟ್ಟೆನೋವನ್ನು ನಾಲಿಗೆಯಿಂದ ಹಿಂದಕ್ಕೆ ತಳ್ಳಿ
ಇದ್ದದ್ದನ್ನು ಇದ್ದಂತೆ ಅಂದೆ.
ಆ ಕಡೆ ಡೆರಿಕ್ ಕೆಮ್ಮಿದ.
ಕೆಮ್ಮು ನಿಲ್ಲುವ ಮುಂಚೆ
ಕೀಲಿಕೈಯ ವಿಷಯವನ್ನೂ ಅಂದುಬಿಟ್ಟೆ.

ನಾಲ್ಕನೆಯದರ ಹೊತ್ತಿಗೆ ಉರಿ ಹೋಗಿತ್ತು.
ಇಲ್ಲೇ ಬಂತು ನೋಡಿ ನಮ್ಮಮ್ಮನ ಬುದ್ಧಿ:
ಗುಣವಾಯಿತಲ್ಲ, ಉಳಿದದ್ದು ಮುಂದಿನ ಸಲಕ್ಕಿರಲಿ.
ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ
ಕತ್ತರಿಸಿದ ಮಾತ್ರೆಯ ಪಟ್ಟಿಗಳು,
ಹೆಸರಿನ ಅರ್ಧ ಯಾರ ಮನೆಗೋ ಹೋಗಿ
ಉಳಿದರ್ಧ ಯಾವ ಜ್ವರದ್ದೋ.

ಕ್ಯಾಂಟೀನಿನಲ್ಲಿ ಪರಂಜೀತ್ ಕಿವಿಗೆ ಬಗ್ಗಿದಳು:
ನನಗೂ ಹಾಗೇ ಇದೆ ಕಣೇ, ಒಂದೆರಡು ಕೊಡು.
ಸಕ್ಕರೆ ಕೇಳಿದರೆ ಕೊಡುವವಳು ನಾನು,
ಪಾಳಿ ಕೇಳಿದರೂ.
ಇಲ್ಲ ಅಂದೆ. ಅವಳ ಮುಖ ಸಣ್ಣದಾಯಿತು.
ಕೋಟು ಹಾಕಿಕೋ ಅಂದೆ. ನಡಿ, ಅಲ್ಲೊಬ್ಬ ಹುಡುಗನಿದ್ದಾನೆ,
ಏನೇ ಹೇಳಿದರೂ ನಗುವುದಿಲ್ಲ.

ಆರನೆಯದನ್ನು ಗುರುವಾರ ರಾತ್ರಿ
ಚಪಾತಿ ಬದನೆಕಾಯಿಯ ಜೊತೆ ನುಂಗಿದೆ.
ಡ್ರಾಯರಿನ ನಾಲ್ಕನ್ನು ಅಂಗಡಿಗೇ ಹಿಂತಿರುಗಿಸಿದೆ,
ಡ್ರಾಯರಿನಲ್ಲಿ ಈಗ ರಬ್ಬರ್ ಬ್ಯಾಂಡು, ಹಳೆಯ ಬ್ಯಾಟರಿ.

ಕೀಲಿಕೈ ಇನ್ನೂ ಬಂದಿಲ್ಲ.
ಬೇಕರಿಯ ಎದುರಿನ ಸ್ಟಾಪಿನಲ್ಲಿ ಎಂಜಿನ್ ಆರಿಸಿ
ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೇಳುವಂತೆ,
ಎರಡು ನಿಮಿಷ, ಅನ್ನುತ್ತೇನೆ.
ಖಾಲಿ ಬಾಟಲಿ ಕೈಯಲ್ಲೇ ಹಿಡಿದು ಇಳಿಯುತ್ತೇನೆ,
ತುಂಬಿಸಿಕೊಂಡು ಬರಬೇಕು.